ರಜೆ 20 ದಿನ, ಎಲುಬಿಗೆ ಬೇಕು 4 ತಿಂಗಳು

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ತೋಟ. ನನಗೆ 58. ಕೆಳಗಿನ ಎರಡು ದವಡೆ ಹಲ್ಲು ಕೀಳಿಸಿ ಮೂರು ವರ್ಷವಾಯಿತು. ಮಗ ದುಬೈಯಿಂದ 20 ದಿನದ ರಜೆಗೆ ಬರುತ್ತಾನೆ, ಅಷ್ಟರಲ್ಲಿ ಇಂಪ್ಲಾಂಟ್ ಮುಗಿಸೋಣ ಅನ್ನುತ್ತಾನೆ. ಮೂರೇ ದಿನದಲ್ಲಿ ಫಿಕ್ಸ್ ಹಲ್ಲು ಅಂತ ಜಾಹೀರಾತೂ ನೋಡಿದೆ. ಶುಗರ್ ಇದೆ. ಎಲೆಯಡಿಕೆ ಹಾಕುತ್ತೇನೆ, ಹೊಗೆಸೊಪ್ಪು ಸ್ವಲ್ಪವೇ. ಮಾಡಿಸಬಹುದಾ?

ಉತ್ತರ: ಇದೇ ಪ್ರಶ್ನೆ ತಿಂಗಳಿಗೆ ನಾಲ್ಕು ಸಲ ಬರುತ್ತದೆ. ಊರು ಬೇರೆ, ರಜೆ ನಾಲ್ಕು ದಿನ ಹೆಚ್ಚು ಕಡಿಮೆ, ಅಷ್ಟೇ. ಅಲ್ಲ ಮಾರಾಯ್ರೇ, ಹಲ್ಲು ಹಾಕಿಸುವುದು ನಿಮಗೆ, ವಿಮಾನ ಹತ್ತುವುದು ಮಗ. ನಿಮಗೇನು ಅವಸರ?

ಇಂಪ್ಲಾಂಟ್ ಅಂದರೆ ದವಡೆಯ ಎಲುಬಿಗೆ ಕೂರಿಸುವ ಸ್ಕ್ರೂ, ಅದರ ಮೇಲೆ ಬರುವ ಹಲ್ಲೇ ಕ್ಯಾಪ್. ಸ್ಕ್ರೂ ಕೂರಿಸುವುದಕ್ಕೆ ಒಂದು ಗಂಟೆಯೂ ಬೇಡ. ಹಾಕಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ, ಮರಕ್ಕೆ ತಿರುಪು ಹೊಡೆದ ಹಾಗೆ. ಆಮೇಲೆ ಸುತ್ತಲಿನ ಹಳೆ ಎಲುಬು ಸ್ವಲ್ಪ ಕರಗುತ್ತದೆ, ಹೊಸ ಎಲುಬು ಇನ್ನೂ ಕಟ್ಟಿರುವುದಿಲ್ಲ, ಹಾಗಾಗಿ ಎರಡರಿಂದ ನಾಲ್ಕು ವಾರದ ನಡುವೆ ಸ್ಕ್ರೂವಿನ ಹಿಡಿತ ಮೊದಲ ದಿನಕ್ಕಿಂತ ಕಡಿಮೆಯಾಗುತ್ತದೆ. ಮಗ ವಾಪಸ್ ಹೊರಡುವುದು ಸರಿಯಾಗಿ ಆ ಹೊತ್ತಿಗೇ! ಅದರ ಮೇಲೆ ಕ್ಯಾಪ್ ಕೂರಿಸಿ ನೀವು ಚಕ್ಕುಲಿ ಜಗಿದರೆ ಸ್ಕ್ರೂ ಅಲ್ಲಾಡುತ್ತದೆ. ಅಲ್ಲಾಡಿದ ಸ್ಕ್ರೂವನ್ನು ಎಲುಬು ಹಿಡಿಯುವುದಿಲ್ಲ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಮೇಲೆ ಸ್ಕ್ರೂ ಎಷ್ಟೋ ಸುಧಾರಿಸಿದೆ, ಮನುಷ್ಯರ ಎಲುಬು ಸುಧಾರಿಸಿಲ್ಲ. ಕೆಳದವಡೆಗೆ ಎರಡು ಮೂರು ತಿಂಗಳು, ಮೇಲಿನದಕ್ಕೆ ನಾಲ್ಕರಿಂದ ಆರು. ನಿಮ್ಮ ಶುಗರ್ ನೋಡಿ ನಾನು ಕೆಳಗಿನದಕ್ಕೂ ನಾಲ್ಕು ಅನ್ನುತ್ತೇನೆ. ಅಡಿಕೆ ಸಸಿ ನೆಟ್ಟ ಮಾರನೇ ದಿನ ದೋಟಿ ಹಿಡಿದು ನಿಲ್ಲುತ್ತೀರಾ?

ಮೂರು ದಿನದ ಹಲ್ಲು ಪೂರ್ತಿ ಸುಳ್ಳಲ್ಲ. ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಹಲವು ಸ್ಕ್ರೂ ಹಾಕಿ ಎಲ್ಲವನ್ನೂ ಒಟ್ಟಿಗೆ ಬಿಗಿದು ಕೂಡಲೇ ಹಲ್ಲು ಕೊಡುವ ವಿಧಾನ ಇದೆ. ಎರಡು ದವಡೆ ಹಲ್ಲು ಹೋದವರಿಗೆ ಅದನ್ನೇ ತೋರಿಸಿ ಆಸೆ ಹುಟ್ಟಿಸುವುದು ಮಾತ್ರ ವ್ಯಾಪಾರ.

ಈಗ ಎಲೆಯಡಿಕೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹಾಕಿ ನೋಡಿ, ಈಗಲೇ. ಹೋಯಿತಾ? ಎರಡೇ ಹೋದರೆ ಇಂಪ್ಲಾಂಟ್ ಮಾತು ಪಕ್ಕಕ್ಕಿಡಿ, ಮೊದಲು ಬಾಯಿ ತೋರಿಸಿ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಚರ್ಮ ಬಿಳಿಚಿ ಹಗ್ಗದ ಹಾಗೆ ಬಿಗಿಯುತ್ತದೆ, ಅಂಥ ಬಾಯಲ್ಲಿ ಹಿಂದಿನ ಹಲ್ಲಿನ ಜಾಗಕ್ಕೆ ನನ್ನ ಡ್ರಿಲ್ ಹೋಗುವುದೇ ಇಲ್ಲ, ಆದರೆ ಅದು ಸಣ್ಣ ಸಮಸ್ಯೆ, ಆ ಚರ್ಮವೇ ಮುಂದೆ ಕ್ಯಾನ್ಸರ್ ಆಗಬಹುದು. ‘ಹೊಗೆಸೊಪ್ಪು ಇಲ್ಲದಿದ್ದರೆ ತೊಂದರೆ ಇಲ್ಲ’ ಅನ್ನುವವರಿಗೆ: ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ನಾನು ಓದಿದ್ದೂ ಅಡಿಕೆ ದುಡ್ಡಲ್ಲೇ. ಇದನ್ನು ಹೇಳಿದಾಗಲೆಲ್ಲ ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಇನ್ನು ನಿಮ್ಮ ‘ಸ್ವಲ್ಪವೇ’ ಹೊಗೆಸೊಪ್ಪು ವಸಡಿನ ಗಾಯ ಒಣಗುವುದನ್ನು ತಡೆಯುತ್ತದೆ. ಬಿಡುವುದಾದರೆ ಬನ್ನಿ.

ಶುಗರ್‌ಗೆ ಬೆಳಗ್ಗಿನ ಒಂದು ಟೆಸ್ಟ್ ತೋರಿಸಬೇಡಿ, ಹಿಂದಿನ ದಿನ ಊಟ ಬಿಟ್ಟು ಬರುವವರನ್ನು ನೋಡಿದ್ದೇನೆ. ಮೂರು ತಿಂಗಳ ಸರಾಸರಿ, ಎಚ್‌ಬಿ ಎ1ಸಿ, ಅದು ಬೇಕು. 8 ದಾಟಿದ್ದರೆ ನಾನು ಕೈ ಹಾಕುವುದಿಲ್ಲ. ಬೇರೆಯವರು ಹಾಕಿಯಾರು, ಅದು ಅವರ ಧೈರ್ಯ. ತಿನ್ನುವ ಮಾತ್ರೆಗಳ ಸ್ಟ್ರಿಪ್ ಎಲ್ಲ ಒಂದು ತೊಟ್ಟೆಗೆ ಹಾಕಿ ತನ್ನಿ. ಎಲುಬು ಸವೆತಕ್ಕೆ ವಾರಕ್ಕೊಂದು ನುಂಗುವ ಮಾತ್ರೆಯನ್ನು ಯಾರೂ ಹೇಳುವುದಿಲ್ಲ, ಕೆಲವರಲ್ಲಿ ದವಡೆಯ ಗಾಯ ಒಣಗದಂತೆ ಮಾಡುವುದು ಅದೇ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಮಗ ಇರುವಾಗ ಸಿಬಿಸಿಟಿ, ಅಂದರೆ ದವಡೆಯ 3ಡಿ ಎಕ್ಸ್‌ರೇ ಸ್ಕ್ಯಾನ್, ಮಾಡಿಸಿ. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಇದೆ. ಅದು ಎಷ್ಟು ಆಳದಲ್ಲಿದೆ ಎಂದು ನೋಡದೆ ಕೊರೆದರೆ ತುಟಿ ಜೋಮು ಹಿಡಿದು ಹಾಗೇ ಉಳಿಯಬಹುದು. ಎಲ್ಲ ಸರಿ ಇದ್ದರೆ ಸ್ಕ್ರೂವನ್ನೂ ಹಾಕಿಸಿಬಿಡಿ. ಕಂಪೆನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಕೇಳಿ ಪಡೆಯಿರಿ. ಕ್ಯಾಪ್ ಹಾಕಿಸಲು ನೀವೊಬ್ಬರೇ ಬಸ್ಸಲ್ಲಿ ಬಂದರೂ ಆಯ್ತು.

ಪ್ರಶ್ನೆ: ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದಂತೆ?

ಉತ್ತರ: ಇಲ್ಲ. ಕನ್ನಡಕ ಬದಲಿಸಿ.

ಪ್ರಶ್ನೆ: ಮಗಳಿಗೆ 14. ಬಿದ್ದು ಮುಂದಿನ ಹಲ್ಲು ಹೋಯಿತು. ಇಂಪ್ಲಾಂಟ್ ಹಾಕಿಸಲಾ?

ಉತ್ತರ: ಈಗ ಬೇಡ. ದವಡೆ ಬೆಳೆಯುತ್ತದೆ, ಸ್ಕ್ರೂ ಇದ್ದಲ್ಲೇ ಇರುತ್ತದೆ. ಬೆಳವಣಿಗೆ ನಿಲ್ಲುವವರೆಗೆ ತೆಗೆದು ಹಾಕುವ ಹಲ್ಲು ಸಾಕು.

ಪ್ರಶ್ನೆ: ಪೇಟೆಯಲ್ಲಿ ಒಬ್ಬರು ಅರ್ಧ ಗಂಟೆಯಲ್ಲಿ ಫಿಕ್ಸ್ ಹಲ್ಲು ಕೂರಿಸುತ್ತಾರೆ. ಇಂಪ್ಲಾಂಟ್‌ಗೆ ಯಾಕೆ ಅಷ್ಟು ದುಡ್ಡು?

ಉತ್ತರ: ಅವರು ಮಾಡುವುದು ಪಕ್ಕದ ಹಲ್ಲಿಗೆ ತಂತಿ ಸುತ್ತಿ ಅಕ್ರಿಲಿಕ್ ಮೆತ್ತುವ ಕೆಲಸ. ವಸಡಿನ ಮೇಲೇ ಮೆತ್ತುತ್ತಾರೆ, ಅಡಿಗೆ ಬ್ರಷ್ ಹೋಗುವುದಿಲ್ಲ. ನಾನು ಅಂಥದ್ದನ್ನು ಒಡೆದು ತೆಗೆದಾಗ ಅದರ ಜೊತೆಗೇ ಎರಡು ಒಳ್ಳೆಯ ಹಲ್ಲು ಕೈಗೆ ಬಂದದ್ದಿದೆ.