ಕಾಗುಣಿತ ಬಾಯಿಪಾಠ, ಓದು ಮಾತ್ರ ತಡವರಿಕೆ

ರಾಣೆಬೆನ್ನೂರಿನ ತಾಯಿಯೊಬ್ಬರು ಬರೆದಿದ್ದಾರೆ: ‘ಮಗ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಅಲ್ಲಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಶುರು ಮಾಡಿಸಿದರು. ನನಗದು ಸರಿಕಾಣದೆ ಮನೆಯಲ್ಲಿ ದಿನಾ ಎರಡು ಪುಟ ಕಾಗುಣಿತ ಬರೆಸುತ್ತೇನೆ. ತಪ್ಪಿಲ್ಲದೆ ಒಪ್ಪಿಸುತ್ತಾನೆ. ಆದರೆ “ಕೆರೆ ತುಂಬಿತು” ಎಂದು ಓದಲು ಒದ್ದಾಡುತ್ತಾನೆ. ಪುಸ್ತಕದ ಮಾತೂ ತಿಳಿಯುವುದಿಲ್ಲ. ಟ್ಯೂಷನ್‌ಗೆ ಹಾಕಲೇ?’

ಟ್ಯೂಷನ್ ಬೇಡ. ಮೊದಲು ಹತ್ತು ಚೀಟಿಗಳ ಮೇಲೆ ಕೆ, ಸು, ಮೀ, ದಾ, ಲೊ ಹೀಗೆ ಒಂದೊಂದೇ ಅಕ್ಷರ ಬರೆದು, ಕಲೆಸಿ, ಮಗನ ಮುಂದಿಡಿ. ‘ಕೆ’ ಕಂಡಾಗ ಅವನ ತುಟಿ ‘ಕ ಕಾ ಕಿ ಕೀ’ ಎಂದು ಮೊದಲಿನಿಂದ ಓಡುತ್ತದೆಯೇ ನೋಡಿ. ಓಡಿದರೆ ಅವನಿಗೆ ಬಂದಿರುವುದು ಹಾಡು. ಏತ್ವದ ಗುರುತು ಬಂದಿಲ್ಲ. ‘ರೆ’ಗೂ ಹಾಗೆಯೇ ಎಣಿಸಿಕೊಂಡು ಬರುವ ಹೊತ್ತಿಗೆ ‘ಕೆ’ ಮರೆತಿರುತ್ತದೆ.

ಶಾಲೆಯ ಕ್ರಮವನ್ನು ದಯವಿಟ್ಟು ದೂರಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಎಂಬ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯ ಕ್ರಮ ಅದು. ಸ್ವರಗಳು ತಮ್ಮ ಪೂರ್ಣ ರೂಪದಲ್ಲಿ ಬರುವುದು ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ. ಅವನ್ನಷ್ಟೇ ಕಲಿತರೆ ಓದಲು ಪದಗಳೇ ಸಿಗುವುದಿಲ್ಲ. ರ ಗ ಸ ದ ಅ ಕಲಿತ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಲ್ಲದು.

ಮನೆಯ ಎರಡು ಪುಟದ ನಕಲು ಇವತ್ತೇ ನಿಲ್ಲಲಿ. ಅದರ ಬದಲು ದಿನಕ್ಕೆ ಹದಿನೈದು ನಿಮಿಷ ಸಾಕು. ಕಾಗುಣಿತವನ್ನು ಅಡ್ಡಸಾಲಿನ ಬದಲು ಉದ್ದಸಾಲಿನಲ್ಲಿ ಹಿಡಿಯಿರಿ: ಒಂದು ವಾರ ಗುಡಿಸು ಒಂದೇ. ರಿ, ಗಿ, ಸಿ, ಬಿ, ಕೂಡಲೇ ನರಿ, ಮರಿ, ಬಿಸಿ, ಗಿಡ. ಮರುವಾರ ಕೊಂಬು: ಕರು, ಮಗು, ಸುಡು. ಹ್ರಸ್ವ ಗಟ್ಟಿಯಾದ ಮೇಲೆ ದೀರ್ಘವನ್ನು ಜೋಡಿಯಾಗಿ ತನ್ನಿ: ಕರು–ಕಾರು, ಬಿಡು–ಬೀಡು, ಕೆರೆ–ಕೇರೆ. ಮಕ್ಕಳು ಎಡವುವ ಜಾಗಗಳು ಗೊತ್ತಿರಲಿ. ಪು, ವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ಮಿ, ಯಿಗಳಲ್ಲಿ ಗುಡಿಸು ಕೂರುವ ಜಾಗ ಬೇರೆ. ಇವನ್ನು ಬಿಡಿಯಾಗಿ ತೋರಿಸಬೇಕು. ಪ–ಷ, ಬ–ಭ, ದ–ಧದಂಥ ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ಒಂದು ಬೇರೂರಿದ ಮೇಲೆ ಇನ್ನೊಂದು.

ಒತ್ತಕ್ಷರದ ತೊಡಕು ಬೇರೆಯೇ. ಬಾಯಿ ‘ಅಮ್–ಮ’ ಎಂದು ಒಡೆಯುತ್ತದೆ, ಬರಹ ‘ಅ–ಮ್ಮ’ ಎಂದು ಒಡೆಯುತ್ತದೆ. ಆದ್ದರಿಂದ ಮೊದಲು ಬರಹವಿಲ್ಲದೆ ಚಪ್ಪಾಳೆ ಹೊಡೆದು ಅಮ್ಮ, ಹಕ್ಕಿ, ಗುಬ್ಬಿ ಎನ್ನಿಸಿ, ಒತ್ತಿ ನುಡಿಯುವ ಜಾಗ ಕಿವಿಗೆ ಸಿಗಲಿ. ಆಮೇಲೆ ಚೀಟಿಯಲ್ಲಿ ಕ್ಕ, ಬ್ಬ, ಪ್ಪ ತೋರಿಸಿ. ಇವುಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ಮ, ಯ, ರ, ಲಗಳ ಒತ್ತಿಗೆ ಆಕಾರವೇ ಬೇರೆ, ಅವು ನಂತರ. ಅರ್ಕಾವತ್ತು ಕೊನೆಗೆ.

ಈಗ ಮಾತಿನ ವಿಷಯ. ನಿಮ್ಮ ಮಗ ‘ಕೆರೆ’ಯನ್ನು ‘ಕೆರಿ’, ‘ಮನೆ’ಯನ್ನು ‘ಮನಿ’ ಎಂದು ಓದಿದರೆ ಅದನ್ನು ತಪ್ಪೆಂದು ಗದರಬೇಡಿ. ಅವನು ಪದವನ್ನು ಗುರುತಿಸಿ ತನ್ನ ಮನೆಮಾತಿನಲ್ಲಿ ಹೇಳಿದ್ದಾನೆ, ಅಂದರೆ ಅರ್ಥ ಸಿಕ್ಕಿದೆ. ‘ಹೌದು, ಮನಿ. ಪುಸ್ತಕದಾಗ ಮನೆ ಅಂತ ಬರೀತಾರ, ಏತ್ವ ಎಲ್ಲೈತಿ ತೋರ್ಸು’ ಅಂದರೆ ಸಾಕು. ಪ್ರತಿ ಪದಕ್ಕೂ ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಆ ಮೌನ ಮುರಿಯುವುದು ಬಲು ಕಷ್ಟ.

ಪದಸಂಪತ್ತು ಚೀಟಿಯಿಂದ ಬೆಳೆಯುವುದಿಲ್ಲ. ಅವನೇ ಓದಬಲ್ಲ ಪುಸ್ತಕಕ್ಕಿಂತ ಒಂದು ಹಂತ ಮೇಲಿನ ಕತೆಯನ್ನು ನೀವು ಓದಿ ಹೇಳಿ, ಒಂದೇ ಕತೆಯನ್ನು ಮೂರು ದಿನ. ಮೊದಲ ದಿನ ನಿಲ್ಲಿಸದೆ ಓದಿ. ಎರಡನೇ ದಿನ ಎರಡೋ ಮೂರೋ ಪದಗಳಲ್ಲಿ ಮಾತ್ರ ನಿಂತು, ಅವನ ಮಾತಿನಲ್ಲೇ ಅರ್ಥ ಹೇಳಿ; ಹತ್ತು ಕಡೆ ನಿಂತರೆ ಕತೆಯೇ ಕೈತಪ್ಪುತ್ತದೆ. ಮೂರನೇ ದಿನ ಅವನು ಹೇಳಲಿ, ನೀವು ಕೇಳಿ. ಆ ಪದಗಳನ್ನು ಮರುದಿನ ಅಡುಗೆಮನೆಯಲ್ಲೋ ಸಂತೆಯಲ್ಲೋ ನೀವೇ ಬಳಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಹಂತವಾರು ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಊರಿನ ಗ್ರಂಥಾಲಯದಲ್ಲೂ ಕೇಳಿ ನೋಡಿ.

ಅವಸರ ಬೇಡ. 34 ವ್ಯಂಜನಗಳಿಗೆ ಡಜನ್‌ಗೂ ಮೀರಿದ ಗುಣಿತ ಸೇರಿದರೆ ಒತ್ತುಗಳನ್ನು ಬಿಟ್ಟೂ ಕಲಿಯಬೇಕಾದ ಅಕ್ಷರಗಳ ಸಂಖ್ಯೆ 400 ದಾಟುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗಿದ್ದು ಕಂಡಿದೆ. ನಿಮ್ಮ ಮಗ ಹಿಂದೆ ಬಿದ್ದಿಲ್ಲ. ಎರಡು ತಿಂಗಳು ಹೀಗೆ ಮಾಡಿದ ಮೇಲೂ ಅದೇ ಹತ್ತು ಚೀಟಿಗಳಲ್ಲಿ ಅರ್ಧ ಗುರುತಿಸದಿದ್ದರೆ, ಅಥವಾ ಪ್ರಾಸದ ಪದಗಳು ಅವನ ಕಿವಿಗೆ ಹಿಡಿಯದಿದ್ದರೆ, ಕಣ್ಣು ಮತ್ತು ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಆ ಚೀಟಿಗಳನ್ನು ತರಗತಿಯ ಶಿಕ್ಷಕರಿಗೂ ತೋರಿಸಿ.