ಸಕ್ಷನ್ ಇಲ್ಲ ಅಂತ ಮೋಟರ್ ಬದಲಿಸುವ ಮೊದಲು

ಸುಂಟಿಕೊಪ್ಪದ ಅಣ್ಣ, ನಿಮ್ಮ ಹೋಮ್‌ಸ್ಟೇಯ ಹಳೆಯ ಕಾರ್ಪೆಟ್ ತೊಳೆಯುವ ಮಷೀನ್ ನೀರು ಬಿಡುತ್ತದೆ, ವಾಪಸ್ ಎಳೆಯುವುದಿಲ್ಲ, ಮೈಸೂರಿನಿಂದ ಹೊಸ ಮೋಟರ್ ತರಿಸುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ನಾನೂ ಇದೇ ಥರ ಮೋಟರಿಗೆ ದುಡ್ಡು ಸುರಿದವನು. ಮೋಟರ್ ಒಂದೇ ಸಮ ತಿರುಗುತ್ತಿದೆ, ಸುಟ್ಟ ವಾಸನೆ ಇಲ್ಲ ಅಂದರೆ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ಅಂತ ಹುಡುಕಿ.

ಹೋಸ್ ಕಳಚಿ, ಕೊಳೆನೀರಿನ ಟ್ಯಾಂಕಿನ ಬಾಯಿಗೆ ಅಂಗೈ ಗಟ್ಟಿಯಾಗಿ ಒತ್ತಿ. ಸದ್ದು ತಕ್ಷಣ ಏರಿ ಕೀರಲಾಗಬೇಕು, ಅಂಗೈ ಕಚ್ಚಿ ಹಿಡಿದಂತೆ ಆಗಬೇಕು. ಆಯಿತು ಅಂದರೆ ಟ್ಯಾಂಕು, ಮೋಟರ್ ಎರಡೂ ಸರಿ ಇವೆ. ಈಗ ಹೋಸ್ ಹಾಕಿ ಅದರ ತುದಿ ಮುಚ್ಚಿ ನೋಡಿ, ಆಮೇಲೆ ವ್ಯಾಂಡ್ (ಕಾರ್ಪೆಟ್ ಮೇಲೆ ಎಳೆಯುವ ಹಿಡಿಕೆ ಕೊಳವೆ) ಸೇರಿಸಿ ಅದರ ಬಾಯಿ ಮುಚ್ಚಿ. ಯಾವ ತುಂಡು ಸೇರಿಸಿದಾಗ ಸದ್ದು ಏರುವುದಿಲ್ಲವೋ, ಸೋರುತ್ತಿರುವುದು ಅದೇ. ಕೈ ಇಡುವ ಮೊದಲೇ ಸದ್ದು ಕೀರಲಾಗಿದ್ದು ಎಳೆತವೇ ಇಲ್ಲ ಅಂದರೆ ಅದು ಬೇರೆ ಕತೆ. ಟ್ಯಾಂಕ್ ತುಂಬಿದಾಗ ತೇಲಿ ಬಂದು ಗಾಳಿದಾರಿ ಮುಚ್ಚುವ ಫ್ಲೋಟ್ ಮೇಲೆ ಸಿಕ್ಕಿಕೊಂಡಿದೆ, ಇಲ್ಲವೇ ಎಲ್ಲೋ ಕೂದಲು, ದಾರ ಕಟ್ಟಿಕೊಂಡಿದೆ.

ಟ್ಯಾಂಕಿನ ಬಾಯಲ್ಲೇ ಸದ್ದು ಏರಲಿಲ್ಲ ಅಂದರೆ ಊದುಬತ್ತಿ ಹಚ್ಚಿ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ. ಬಾಯಿ ಮುಚ್ಚಿಟ್ಟು, ಮಷೀನ್ ಓಡುತ್ತಿರುವಾಗ ಮುಚ್ಚಳದ ಅಂಚಿನ ಸುತ್ತ ಊದುಬತ್ತಿಯನ್ನು ನಿಧಾನವಾಗಿ ತನ್ನಿ. ಮೇಲೆ ಹೋಗುತ್ತಿದ್ದ ಹೊಗೆ ಸೋರುವ ಜಾಗಕ್ಕೆ ಬಂದಾಗ ತಟ್ಟನೆ ಅಡ್ಡ ತಿರುಗಿ ಒಳಗೆ ಹೋಗುತ್ತದೆ. ಮೋಟರಿನ ಗಾಳಿ ಹೊರಬರುವ ಕಡೆ ಮಾತ್ರ ಹಿಡಿಯಬೇಡಿ, ಏನೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಮಳೆಗಾಲ ಪೂರ್ತಿ ಮುಚ್ಚಳ ಬಿಗಿದು ಇಟ್ಟುಬಿಡುತ್ತಾರೆ, ಅದರ ಅಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ. ಉಗುರಿನಿಂದ ಒತ್ತಿ ಬಿಟ್ಟಾಗ ಉಬ್ಬಿ ಬರಲಿಲ್ಲ ಅಂದರೆ ಕಿತ್ತುಹಾಕಿ. ಕಂಪನಿಯದ್ದು ಸಿಗದಿದ್ದರೆ ಅದೇ ದಪ್ಪದ ರಬ್ಬರ್ ಸ್ಪಾಂಜ್ ಪಟ್ಟಿ ಅಂಟಿಸಿ. ಸಿಲಿಕೋನ್ ಬಳಿಯಬೇಡಿ, ಮುಂದಿನ ಸಲ ಮುಚ್ಚಳ ತೆಗೆಯುವಾಗ ಒದ್ದಾಡುತ್ತೀರಿ. ಕೊಳೆನೀರು ಹೊರಬಿಡುವ ಡ್ರೈನ್ ವಾಲ್ವ್ ಕೂಡ ನೋಡಿ, ಒಂದು ಮರಳಿನ ಕಣ ಕೂತಿದ್ದರೂ ಸಾಕು, ಸೋರುತ್ತದೆ. ಮಷೀನನ್ನು ಕಾಫಿ ಗೋಡೌನಿನಲ್ಲಿ ಇಡುವವರು ಹೋಸನ್ನು ಉದ್ದಕ್ಕೂ ಬಗ್ಗಿಸಿ ನೋಡಲೇಬೇಕು. ಇಲಿ ಕಚ್ಚಿದ ತೂತು ಹೋಸ್ ಬಗ್ಗಿದಾಗ ಮಾತ್ರ ಬಾಯಿ ಬಿಡುತ್ತದೆ. ಟೇಪ್ ಸುತ್ತಿದರೆ ಆ ದಿನದ ಕೆಲಸ ಆಗುತ್ತದೆ ಅಷ್ಟೇ. ತೂತು ತುದಿಯ ಹತ್ತಿರ ಇದ್ದರೆ ಅಷ್ಟು ಕತ್ತರಿಸಿ ತುದಿಯ ಕಫ್ (ಜೋಡಿಸುವ ಬಳೆ) ಮತ್ತೆ ತಿರುಗಿಸಿ ಹಾಕಿ. ಕೆಲವದರಲ್ಲಿ ಉಲ್ಟಾ ಥ್ರೆಡ್ ಇರುತ್ತದೆ.

ಮೋಟರ್ ವಿಷಯ ಬಿಡಿಸಿ ಹೇಳಲೇಬೇಕು. ಅಂಗಡಿಯಲ್ಲಿ "ಸೈಜ್ ಒಂದೇ, ಕೂರುತ್ತೆ" ಅಂತ ಕೊಟ್ಟರು, ನಾನೂ ತಂದು ಹಾಕಿದೆ. ಕೂತಿತು ನಿಜ. ಆದರೆ ಅದು ಒಣ ವ್ಯಾಕ್ಯೂಮಿನ ಥ್ರೂ-ಫ್ಲೋ ಮೋಟರ್. ಅದರಲ್ಲಿ ಎಳೆದ ಗಾಳಿಯೇ ವೈಂಡಿಂಗ್ (ಮೋಟರಿನ ತಂತಿ ಸುತ್ತು) ಮೇಲೆ ಹಾದು ಅದನ್ನು ತಂಪು ಮಾಡುತ್ತದೆ. ಕಾರ್ಪೆಟ್ ಮಷೀನಿನ ಗಾಳಿಯಲ್ಲಿ ನೀರು, ನೊರೆ ಎಲ್ಲ ಇರುತ್ತದೆ ಅಲ್ವಾ? ಸ್ವಲ್ಪ ಕಾಲದಲ್ಲೇ ಬೇರಿಂಗ್ ಕಿರುಚತೊಡಗಿತು, ಆಮೇಲೆ ವೈಂಡಿಂಗ್ ಹೋಯಿತು. ಬಿಚ್ಚಿದಾಗ ಒಳಗೆಲ್ಲ ಬಿಳಿ ಸೋಪಿನ ಪದರ. ಇಷ್ಟಕ್ಕೂ ಮೊದಲಿನ ಮೋಟರ್ ಸರಿಯಾಗೇ ಇತ್ತು, ಸೋರುತ್ತಿದ್ದದ್ದು ಮುಚ್ಚಳ! ಬೈಪಾಸ್ ಮೋಟರ್ ಅಂತಲೇ ಕೇಳಿ ತನ್ನಿ. ಅದಕ್ಕೆ ತಂಪು ಮಾಡಲು ಬೇರೆಯೇ ಫ್ಯಾನ್ ಇರುತ್ತದೆ, ಎಳೆದ ಗಾಳಿ ವೈಂಡಿಂಗ್ ಮುಟ್ಟುವುದಿಲ್ಲ. ಹಳೆಯದರ ವೋಲ್ಟ್, ವ್ಯಾಟ್, ಸ್ಟೇಜ್ (ಎಳೆಯುವ ಫ್ಯಾನ್ ಎಷ್ಟು ಅಂತ), ಎತ್ತರ ಬರೆದುಕೊಂಡು ಹೋಗಿ. ನನ್ನ ಕೇಳಿದರೆ ಅಮೆಟೆಕ್ ಕಂಪನಿಯದ್ದು ಹಾಕಿ, ಹೆಸರಿಲ್ಲದ್ದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಅದನ್ನಷ್ಟೇ ಬದಲಿಸಿದರೆ ಆಯಿತು. ಆದರೆ ಬ್ರಷ್ ಉಜ್ಜುವ ತಾಮ್ರದ ಭಾಗ, ಕಮ್ಯುಟೇಟರ್, ನುಣುಪಾಗಿರಬೇಕು. ಗುಳಿ ಬಿದ್ದಿದ್ದರೆ ಹೊಸ ಬ್ರಷ್ ಬಾಳುವುದಿಲ್ಲ. ಹಾಕಿದ ಕೂಡಲೇ ಪೂರ್ತಿ ಕರೆಂಟ್ ಕೊಡಬೇಡಿ. ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟಿನಲ್ಲಿ 115 ವೋಲ್ಟ್ ಹತ್ತಿರ ಇಟ್ಟು ಅರ್ಧ ಗಂಟೆ ಓಡಿಸಿ, ಬ್ರಷ್ ಕೂತುಕೊಳ್ಳುತ್ತದೆ. ಬಿಚ್ಚುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಪಕ್ಕದಲ್ಲಿಡಿ.

ಬಟ್ಟೆ ಒಗೆಯುವ ಪೌಡರ್ ಹಾಕುವವರಿಗೆ ಎಷ್ಟು ಸಲ ಹೇಳುವುದು? ಫ್ಲೋಟ್ ನೀರನ್ನು ತಡೆಯುತ್ತದೆ, ನೊರೆಯನ್ನು ತಡೆಯುವುದಿಲ್ಲ, ಅದು ಮೋಟರಿಗೇ ಹೋಗುತ್ತದೆ. ನೊರೆ ಕಂಡರೆ ಕೊಳೆನೀರಿನ ಟ್ಯಾಂಕಿಗೆ ನೊರೆ ಇಳಿಸುವ ಡಿಫೋಮರ್ ಹಾಕಿ.

ಸಕ್ಷನ್ ಸರಿ ಇದ್ದೂ ಕಾರ್ಪೆಟ್ ಒದ್ದೆ ಉಳಿದರೆ ನೀರು ಚಿಮ್ಮಿಸುವ ಜೆಟ್ ನೋಡಿ. ಮಳೆಗಾಲದ ಕೆಂಪು ನೀರಿನ ಮಣ್ಣು ಅದರಲ್ಲಿ ಕಟ್ಟಿಕೊಂಡಾಗ ಹುಡುಗರು ಪಿನ್ನು ಹಾಕಿ ಚುಚ್ಚುತ್ತಾರೆ, ತೂತು ದೊಡ್ಡದಾಗುತ್ತದೆ. 11002 ಅಂತ ಬರೆದ ಜೆಟ್ 40 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ಬಿಡಬೇಕು. ತೂತು ಹಿಗ್ಗಿದರೆ ಅದಕ್ಕಿಂತ ಜಾಸ್ತಿ ಬಿಡುತ್ತದೆ, ಯಾವ ಮೋಟರ್ ಹಾಕಿದರೂ ಎಳೆದು ಮುಗಿಯುವುದಿಲ್ಲ. ವಿನೆಗರಿನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ಸಾಕು. ನೀರು ತುಂಬುವಾಗ ಬಟ್ಟೆಯಲ್ಲಿ ಸೋಸಿಬಿಡಿ.

ಇನ್ನೊಂದು, ವೋಲ್ಟೇಜ್. ಮಷೀನ್ ಓಡುತ್ತಿರುವಾಗಲೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮೀಟರ್ ಇಟ್ಟು ನೋಡಿ. ವೋಲ್ಟೇಜ್ ಇಳಿದರೆ ಈ ಮೋಟರ್ ನಿಧಾನವಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಮಿಕ್ಸಿಗೆ ಇಟ್ಟುಕೊಂಡ ಸಪೂರ ವೈರಿನಲ್ಲಿ ದೂರದ ರೂಮಿಗೆ ಎಳೆದರೆ ಆಗುವುದೇ ಇದು. 2.5 ಸ್ಕ್ವೇರ್ ಎಂಎಂ ಮೂರು ಕೋರ್ ವೈರ್ ಹಾಕಿ, ಅರ್ಥಿಂಗ್ ಸರಿ ಇದೆಯಾ ನೋಡಿ. ಒದ್ದೆ ಕಾರ್ಪೆಟ್ ಮೇಲೆ ನಿಂತು ಮಾಡುವ ಕೆಲಸ ಇದು, ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿಯುವ ಆರ್‌ಸಿಸಿಬಿ ಇಲ್ಲದ ಕಡೆ ಹುಡುಗರನ್ನು ಬಿಡಲೇಬೇಡಿ.