26.7 ಗ್ರಾಂ ಯಾಕೆ ಬರುವುದಿಲ್ಲ
5.4 ಗ್ರಾಂ ಅಲ್ಯೂಮಿನಿಯಂ, 14.2 ಗ್ರಾಂ ಕ್ಲೋರಿನ್ ಸೇರಿದರೆ ಎಷ್ಟು ಅಲ್ಯೂಮಿನಿಯಂ ಕ್ಲೋರೈಡ್ ಅಂತ ಕೇಳಿದ್ದೀರಿ. ನಿಮಗೆ 26.7 ಬಂದಿದೆ, ಪುಸ್ತಕದಲ್ಲಿ 17.8 ಇದೆ. ಪುಸ್ತಕದ್ದೇ ಸರಿ. ಹಾಕಿದ್ದೇ ಒಟ್ಟು 19.6 ಗ್ರಾಂ, ಅದಕ್ಕಿಂತ ಹೆಚ್ಚು ಬರುವುದಾದರೂ ಎಲ್ಲಿಂದ?

ನೀವು ಎಡವಿರುವುದು ಬಹುಶಃ ಕ್ಲೋರಿನ್ ಹತ್ತಿರ. 35.5 ಅನ್ನೋದು ಕ್ಲೋರಿನ್‌ನ ಒಂದು ಪರಮಾಣುವಿನ ತೂಕದ ಲೆಕ್ಕ. ಅನಿಲದಲ್ಲಿ ಇರುವುದು ಎರಡು ಪರಮಾಣುಗಳ ಅಣು, ಹಾಗಾಗಿ 71ರಿಂದ ಭಾಗಿಸಬೇಕು: 14.2/71 = 0.2 ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ). 35.5 ಹಾಕಿದರೆ 0.4 ಬಂದು ಕ್ಲೋರಿನ್ ಧಾರಾಳವಾಗಿದೆ ಅನ್ನಿಸುತ್ತದೆ, ಆಗ ಅಲ್ಯೂಮಿನಿಯಂ ಹಿಡಿದು ಲೆಕ್ಕ ಮಾಡಿದರೆ ಸರಿಯಾಗಿ 26.7!

ಅಲ್ಯೂಮಿನಿಯಂ 5.4/27, ಅದೂ 0.2 ಮೋಲ್. ಎರಡೂ ಸಮ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಸರಿದೂಗಿಸಿದ ಸಮೀಕರಣದಲ್ಲಿ 2 ಅಲ್ಯೂಮಿನಿಯಂಗೆ 3 ಕ್ಲೋರಿನ್ ಅಣು ಬೇಕು, 2 ಕ್ಲೋರೈಡ್ ಸಿಗುತ್ತದೆ. ಮೋಲನ್ನು ಆಯಾ ಸಹಗುಣಕದಿಂದ, ಅಂದರೆ ಸಮೀಕರಣದಲ್ಲಿ ಅದರ ಮುಂದಿರುವ ಸಂಖ್ಯೆಯಿಂದ, ಭಾಗಿಸಿ: 0.2/2 = 0.1, 0.2/3 = 0.067. ಚಿಕ್ಕದು ಕ್ಲೋರಿನ್‌ನದು, ಅದೇ ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಮುಗಿದುಹೋಗಿ ಎಷ್ಟು ಕ್ಲೋರೈಡ್ ಬರುತ್ತದೆ ಅಂತ ನಿರ್ಧರಿಸುವುದು.

3 ಕ್ಲೋರಿನ್‌ಗೆ 2 ಕ್ಲೋರೈಡ್, ಒಂದು ಮೋಲ್ ಕ್ಲೋರೈಡ್‌ನ ತೂಕ 27 + 3 × 35.5 = 133.5 ಗ್ರಾಂ. ಹಾಗಾಗಿ ಕ್ಲೋರೈಡ್ 0.2 × 2/3 × 133.5 = 17.8 ಗ್ರಾಂ. ನಡುವೆ 0.13 ಅಂತ ರೌಂಡ್ ಮಾಡಿದರೆ 17.4 ಬರುತ್ತದೆ, ಭಿನ್ನರಾಶಿಯನ್ನು ಕೊನೆಯವರೆಗೂ ಹಾಗೇ ಇಡಿ. ಉಳಿಯುವ ಅಲ್ಯೂಮಿನಿಯಂ 1.8 ಗ್ರಾಂ, ಎರಡನ್ನೂ ಕೂಡಿಸಿ, 19.6 ಆಗಬೇಕು.